ಅಲ್ ಜಝರಿಯ ಗೂಟ, ಕೃಷ್ಣಾ ದಂಡೆಯ ಇಂಜಿನ್ನು

ಇಸ್ಲಾಮೀ ನಾಗರಿಕತೆ ಜಗತ್ತಿಗೆ ನೀಡಿದ ಕೊಡುಗೆಗಳನ್ನು ಪಟ್ಟಿ ಮಾಡುವ ಬರಹಗಳಲ್ಲಿ ಒಂದು ವಾಕ್ಯ ತಪ್ಪದೆ ಇರುತ್ತದೆ. ಇಂದಿನ ಮೋಟಾರು ವಾಹನಗಳಲ್ಲಿರುವ ಕ್ಯಾಮ್‌ಶಾಫ್ಟನ್ನು ಎಂಟು ಶತಮಾನಗಳ ಹಿಂದೆಯೇ ಅಲ್ ಜಝರಿ ಎಂಬ ಮುಸ್ಲಿಮ್ ವಿಜ್ಞಾನಿ ಕಂಡುಹಿಡಿದಿದ್ದರು ಎಂಬುದೇ ಆ ವಾಕ್ಯ. ಓದಿದವರು ಹೆಮ್ಮೆಪಟ್ಟು ಪುಟ ತಿರುವುತ್ತಾರೆ. ಕ್ಯಾಮ್‌ಶಾಫ್ಟ್ ಎಲ್ಲಿರುತ್ತದೆ, ಏನು ಮಾಡುತ್ತದೆ ಎಂದು ಕೇಳಿದರೆ ಹೆಚ್ಚಿನವರಲ್ಲಿ ಉತ್ತರವಿಲ್ಲ. ಅತ್ತ ನಿಪ್ಪಾಣಿಯ ಹೆದ್ದಾರಿ ಬದಿಯ ಗ್ಯಾರೇಜಿನಲ್ಲೋ, ಚಿಕ್ಕೋಡಿ, ರಾಯಬಾಗದ ಇಂಜಿನ್ ರಿಪೇರಿ ಅಂಗಡಿಯಲ್ಲೋ ಅದನ್ನು ಬಿಚ್ಚಿ ಕೂರಿಸುವ ಮಿಸ್ತ್ರಿಗೆ ಅದರ ಉಬ್ಬು ತಗ್ಗುಗಳೆಲ್ಲ ಬೆರಳಿಗೇ ಗೊತ್ತು. ಅವರಿಗೆ ಅಲ್ ಜಝರಿಯ ಹೆಸರು ಗೊತ್ತಿಲ್ಲ. ಬರೆದು ಹೆಮ್ಮೆಪಡುವವರು ಒಂದು ಕಡೆ, ಮಾಡಿ ಬದುಕುವವರು ಇನ್ನೊಂದು ಕಡೆ. ಈ ಇಬ್ಬರೂ ಒಂದೇ ಮೊಹಲ್ಲಾದಲ್ಲಿ ಇರುವುದು, ಒಂದೇ ಮಸೀದಿಯಲ್ಲಿ ನಮಾಝ್ ಮಾಡುವುದು ಅಪರೂಪವೇನಲ್ಲ. ಆದರೂ ಒಬ್ಬರ ವಿದ್ಯೆ ಇನ್ನೊಬ್ಬರಿಗೆ ತಲುಪಿಲ್ಲ.

ಮೊದಲು ವಸ್ತುವನ್ನೇ ನೋಡೋಣ. ದುಂಡನೆಯ ಉಕ್ಕಿನ ಅಥವಾ ಬೀಡು ಕಬ್ಬಿಣದ ಒಂದು ಸರಳು. ಅದರ ಮೇಲೆ ಅಲ್ಲಲ್ಲಿ ಕೋಳಿಮೊಟ್ಟೆಯ ಚೂಪು ತುದಿಯಂತೆ ಉಬ್ಬಿದ ಭಾಗಗಳು. ಸರಳು ತಿರುಗಿದಾಗ ಉಬ್ಬು ಮೇಲೆ ಬಂದು ತನ್ನ ಮೇಲಿರುವ ಟ್ಯಾಪೆಟ್ಟನ್ನು ಎತ್ತುತ್ತದೆ, ಉಬ್ಬು ಸರಿದಾಗ ಸ್ಪ್ರಿಂಗಿನ ಒತ್ತಡಕ್ಕೆ ಅದು ಇಳಿಯುತ್ತದೆ. ಟ್ಯಾಪೆಟ್ಟಿನ ಮೂಲಕ ವಾಲ್ವ್ ತೆರೆಯುತ್ತದೆ, ಮುಚ್ಚುತ್ತದೆ. ಒಂದು ವಾಲ್ವ್ ಗಾಳಿ ಒಳಗೆ ಬರಲು, ಇನ್ನೊಂದು ಸುಟ್ಟ ಹೊಗೆ ಹೊರಗೆ ಹೋಗಲು. ನಾಲ್ಕು ಸ್ಟ್ರೋಕಿನ ಇಂಜಿನ್ನಿನಲ್ಲಿ ಕ್ರ್ಯಾಂಕ್ ಎರಡು ಸುತ್ತು ತಿರುಗುವಷ್ಟರಲ್ಲಿ ಕ್ಯಾಮ್ ಒಂದೇ ಸುತ್ತು ತಿರುಗುತ್ತದೆ. ಶಕ್ತಿ ಹುಟ್ಟುವುದು ಪಿಸ್ಟನ್ನಿನ ತಲೆಯ ಮೇಲೆ. ಕ್ಯಾಮ್ ತಾನಾಗಿ ಯಾವ ಶಕ್ತಿಯನ್ನೂ ಕೊಡುವುದಿಲ್ಲ. ಯಾವ ಬಾಗಿಲು ಯಾವಾಗ ತೆರೆಯಬೇಕು, ಎಷ್ಟು ಹೊತ್ತು ತೆರೆದಿರಬೇಕು ಎಂಬ ಆದೇಶವನ್ನು ಮಾತ್ರ ಕೊಡುತ್ತದೆ. ಆ ಆದೇಶ ಕಬ್ಬಿಣದಲ್ಲಿ ಕೆತ್ತಿದ್ದು. ಹಾಗಾಗಿ ಒಮ್ಮೆ ಕೆತ್ತಿದ ಮೇಲೆ ಇಂಜಿನ್ನು ಆ ಲೆಕ್ಕದಲ್ಲೇ ಉಸಿರಾಡಬೇಕು.

ಸುತ್ತುವ ಚಲನೆಯನ್ನು ಎತ್ತಿ ಇಳಿಸುವ ಚಲನೆಯಾಗಿ ಮಾರ್ಪಡಿಸುವ ಈ ಉಪಾಯ ಅಲ್ ಜಝರಿಗಿಂತ ಬಹಳ ಹಳೆಯದು. ಕ್ರಿ.ಶ. ಒಂದನೆಯ ಶತಮಾನದಲ್ಲಿ ಅಲೆಕ್ಸಾಂಡ್ರಿಯದ ಹೀರೋ ವರ್ಣಿಸಿದ ಗಾಳಿ ವಾದ್ಯದಲ್ಲಿ ಚಕ್ರದ ಗೂಟಗಳು ಪಂಪಿನ ಸನ್ನೆಯನ್ನು ತಟ್ಟುತ್ತಿದ್ದವು. ಚೀನಾದಲ್ಲಿ ಹಾನ್ ವಂಶದ ಕಾಲಕ್ಕೇ ನೀರಿನ ಚಕ್ರದ ಅಚ್ಚಿಗೆ ಗೂಟ ಬಡಿದು ಕುಟ್ಟುವ ಸುತ್ತಿಗೆಗಳನ್ನು ಎತ್ತಿಸುತ್ತಿದ್ದರು. ಹನ್ನೊಂದನೆಯ ಶತಮಾನದ ಅಲ್ ಬಿರೂನಿ ಅದಿರು ಕುಟ್ಟುವ ವಿಧಾನವನ್ನು ಹೇಳುವಾಗ, ಸಮರ್‌ಖಂದಿನಲ್ಲಿ ಕಾಗದಕ್ಕಾಗಿ ನಾರು ಕುಟ್ಟುವುದೂ ಇದೇ ರೀತಿ ಎಂದು ಹೋಲಿಸಿದ್ದಾರೆ. ಕುರ್‌ಆನಿನ ಪ್ರತಿಗಳು, ಹದೀಸ್ ಸಂಗ್ರಹಗಳು, ವೈದ್ಯ ಗ್ರಂಥಗಳು ಕಾಗದದ ಮೇಲೆ ಹರಡಿದ್ದರ ಹಿಂದೆ ಅಂಥ ಗೂಟ ಬಡಿದ ಅಚ್ಚುಗಳ ಕುಟ್ಟಾಟವೂ ಇತ್ತು. ಆದ್ದರಿಂದ "ಕಂಡುಹಿಡಿದರು" ಎಂಬ ಪದವನ್ನು ಅಲ್ ಜಝರಿಯ ಮೇಲೆ ಹೇರುವುದು ಅವರಿಗೇ ಅನ್ಯಾಯ. ಅವರು ಮಾಡಿದ್ದು ಇದಕ್ಕಿಂತ ದೊಡ್ಡ ಕೆಲಸ.

ಅಲ್ ಜಝರಿ ಟೈಗ್ರಿಸ್ ಮತ್ತು ಯೂಫ್ರಟಿಸ್ ನಡುವಿನ ಅಲ್ ಜಝೀರಾ ಪ್ರದೇಶದವರು. ಆಮಿದ್ ನಗರದ, ಅಂದರೆ ಇಂದಿನ ತುರ್ಕಿಯ ದಿಯಾರ್‌ಬಕಿರ್‌ನ, ಅರ್ತುಕಿದ್ ಅರಸರ ಬಳಿ ಕಾಲು ಶತಮಾನ ಯಂತ್ರಗಳನ್ನು ಕಟ್ಟಿದರು. ಸುಲ್ತಾನ ನಾಸಿರುದ್ದೀನ್ ಮಹ್ಮೂದ್ ಅವರನ್ನು ಕರೆದು, ಇಷ್ಟೆಲ್ಲ ಕಷ್ಟಪಟ್ಟು ಮಾಡಿದ್ದು ನಿಮ್ಮೊಂದಿಗೇ ಕಳೆದುಹೋಗಬಾರದು, ಗ್ರಂಥ ಬರೆಯಿರಿ ಎಂದು ಅಪ್ಪಣೆ ಮಾಡಿದ. ಹಿಜರಿ 602ರಲ್ಲಿ, ಕ್ರಿ.ಶ. 1206ರಲ್ಲಿ, ಗ್ರಂಥ ಮುಗಿಯಿತು. ಅದರ ಹೆಸರಿನಲ್ಲೇ ಇಲ್ಮ್ ಮತ್ತು ಅಮಲ್ ಎಂಬ ಎರಡು ಪದಗಳು ಜೊತೆಯಾಗಿವೆ: ಅಲ್ ಜಾಮಿಉ ಬೈನಲ್ ಇಲ್ಮಿ ವಲ್ ಅಮಲ್. ಅರಿವನ್ನೂ ಕೆಲಸವನ್ನೂ ಒಂದುಗೂಡಿಸುವ ಪುಸ್ತಕ ಎಂದು ಸ್ಥೂಲವಾಗಿ ಹೇಳಬಹುದು. ಮಾಡಿ ಪರೀಕ್ಷಿಸದ ಯಂತ್ರವಿದ್ಯೆ ನಿಜವೋ ಸುಳ್ಳೋ ಎಂಬ ಸಂದೇಹದಲ್ಲೇ ಉಳಿಯುತ್ತದೆ ಎಂಬುದು ಅವರ ಪೀಠಿಕೆಯ ನಿಲುವು. 50 ಸಾಧನಗಳ ಅಳತೆ, ಲೋಹ, ಜೋಡಣೆಯ ಕ್ರಮ ಎಲ್ಲವನ್ನೂ ಚಿತ್ರಸಮೇತ ಬರೆದಿಟ್ಟರು. 1974ರಲ್ಲಿ ಡೊನಾಲ್ಡ್ ಹಿಲ್ ಅದನ್ನು ಇಂಗ್ಲಿಷಿಗೆ ತಂದರು. ಆ ವಿವರಗಳನ್ನು ಹಿಡಿದು ಇಂದಿನ ಕುಶಲಕರ್ಮಿಗಳು ಅವರ ಗಡಿಯಾರಗಳನ್ನು ಮತ್ತೆ ಕಟ್ಟಿ ಓಡಿಸಿದ್ದಾರೆ ಎಂಬುದೇ ಆ ಬರವಣಿಗೆಯ ಗುಣಕ್ಕೆ ಸಾಕ್ಷಿ.

ಅವರ 50ರಲ್ಲಿ ನಮ್ಮ ವಿಷಯಕ್ಕೆ ಬೇಕಾದವು ಎರಡು. ಒಂದು, ಕೊಳದಲ್ಲಿ ತೇಲುವ ದೋಣಿ. ಅರಮನೆಯ ಔತಣದ ಅತಿಥಿಗಳಿಗಾಗಿ ಅದರಲ್ಲಿ ನಾಲ್ವರು ಬೊಂಬೆ ವಾದ್ಯಗಾರರನ್ನು ಕೂರಿಸಿದ್ದರು. ಒಳಗೆ ನೀರಿನಿಂದ ತಿರುಗುವ ಅಚ್ಚಿನ ಮೇಲೆ ಗೂಟಗಳು. ಗೂಟ ಸನ್ನೆಯನ್ನು ತಟ್ಟಿದಾಗ ಬೊಂಬೆಯ ಕೈ ಎದ್ದು ತಮ್ಮಟೆಯ ಮೇಲೆ ಬೀಳುತ್ತದೆ. ಗೂಟಗಳನ್ನು ಬೇರೆ ಕಡೆ ನೆಟ್ಟರೆ ತಾಳವೇ ಬದಲಾಗುತ್ತದೆ. ಬ್ರಿಟನ್ನಿನ ರೋಬೋಟ್ ವಿಜ್ಞಾನಿ ನೋಯೆಲ್ ಶಾರ್ಕಿ 2007ರಲ್ಲಿ ಈ ದೋಣಿಯ ಮಾದರಿಯನ್ನು ಪರಿಶೀಲಿಸಿ, ಇದು ಪ್ರೋಗ್ರಾಮ್ ಮಾಡಬಹುದಾದ ಯಂತ್ರಗಳ ಪೂರ್ವಜ ಎಂದು ವಾದಿಸಿದರು. ಇನ್ನೊಂದು, ನೀರೆತ್ತುವ ಯಂತ್ರ. ನಾಲ್ಕು ಮೊಗೆಯುವ ದೋಣಿಗಳನ್ನು ಒಬ್ಬನೇ ಎಳೆಯುವ ಪಶುವಿನಿಂದ ಎತ್ತಿಸಬೇಕು. ನಾಲ್ಕೂ ಒಟ್ಟಿಗೇ ಎದ್ದರೆ ಪಶುವಿಗೆ ಭಾರ ತಡೆಯದು. ಅದಕ್ಕೆ ಒಂದೇ ಅಚ್ಚಿನ ಮೇಲೆ ಸ್ವಲ್ಪ ಭಾಗದಲ್ಲಿ ಮಾತ್ರ ಹಲ್ಲಿರುವ ನಾಲ್ಕು ಚಕ್ರಗಳನ್ನು ಕೂರಿಸಿ, ಒಂದರ ಹಲ್ಲು ಮುಗಿಯುವಾಗ ಮುಂದಿನದರ ಹಲ್ಲು ಹಿಡಿಯುವಂತೆ ತಿರುಗಿಸಿಟ್ಟರು. ನಾಲ್ಕು ಸಿಲಿಂಡರಿನ ಕ್ಯಾಮ್‌ಶಾಫ್ಟಿನಲ್ಲಿ ಉಬ್ಬುಗಳನ್ನು ಒಂದೊಂದು ಕೋನಕ್ಕೆ ತಿರುಗಿಸಿಡುವ ತತ್ವ ಇದೇ. ಗೂಟ ಎಲ್ಲಿರಬೇಕು ಎಂಬುದನ್ನು ಮಾಡಬೇಕಾದ ಕೆಲಸ ನೋಡಿ ನಿರ್ಧರಿಸಬೇಕು ಎಂಬ ತಿಳಿವಳಿಕೆಯನ್ನು ಕಾಗದದ ಮೇಲೆ ಇಟ್ಟದ್ದು ಅಲ್ ಜಝರಿಯ ನಿಜವಾದ ಹಿರಿಮೆ.

ಅಥಣಿ, ರಾಯಬಾಗ ಪ್ರದೇಶಗಳು ಆದಿಲ್‌ಶಾಹಿ ಆಳ್ವಿಕೆಗೆ ಸೇರಿದ್ದ ಕಾಲದಲ್ಲಿ ಯಂತ್ರವಿದ್ಯೆಯ ಒಬ್ಬ ದೊಡ್ಡ ಪಂಡಿತ ಬಿಜಾಪುರಕ್ಕೇ ಬಂದು ನೆಲೆಸಿದ್ದರು. ಶಿರಾಜಿನ ಫತ್‌ಹುಲ್ಲಾ ಶಿರಾಜಿ ಒಂದನೆಯ ಅಲಿ ಆದಿಲ್ ಶಾಹನ ಆಸ್ಥಾನದಲ್ಲಿದ್ದವರು; 1580ರಲ್ಲಿ ಆ ಸುಲ್ತಾನನ ಕೊಲೆಯಾದ ಮೇಲೆ ಅಕ್ಬರನ ಕರೆಯ ಮೇರೆಗೆ 1583ರಲ್ಲಿ ಉತ್ತರಕ್ಕೆ ಹೋದರು. ಒಂದು ಎತ್ತು ತಿರುಗಿಸಿದರೆ 16 ಬಂದೂಕು ನಳಿಗೆಗಳು ಒಮ್ಮೆಗೇ ಒಳಗಿನಿಂದ ಉಜ್ಜಿಕೊಳ್ಳುವ ಯಂತ್ರ, ಸಾಗುತ್ತಲೇ ಹಿಟ್ಟು ಬೀಸುವ ಬಂಡಿ ಅವರ ಹೆಸರಿನೊಂದಿಗೆ ತಳುಕು ಹಾಕಿಕೊಂಡಿವೆ. ಅಬುಲ್ ಫಝಲ್ ನಳಿಗೆಯ ಯಂತ್ರದ ಕೀರ್ತಿಯನ್ನು ಅಕ್ಬರನಿಗೇ ಒಪ್ಪಿಸಿಬಿಟ್ಟಿದ್ದಾನೆ! ಕೆಲಸ ಮಾಡಿದವನ ಹೆಸರು ಅರಸನ ಹೆಸರಿನೊಳಗೆ ಕರಗಿಹೋಗುವುದು ನಮ್ಮ ಚರಿತ್ರೆಯಲ್ಲಿ ಹೊಸದಲ್ಲ.

ಮುಂದಿನದು ಬೇಗ ಹೇಳಿ ಮುಗಿಸಬಹುದಾದ ಕಥೆ. ಯುರೋಪಿನ ಗಿರಣಿಗಳಲ್ಲಿ, ಕಮ್ಮಾರಿಕೆಯ ಸುತ್ತಿಗೆಗಳಲ್ಲಿ ಕ್ಯಾಮ್ ಶತಮಾನಗಳ ಕಾಲ ದುಡಿಯಿತು. 1876ರಲ್ಲಿ ಜರ್ಮನಿಯ ನಿಕೊಲಸ್ ಆಟೋ ನಾಲ್ಕು ಸ್ಟ್ರೋಕಿನ ಇಂಜಿನ್ನನ್ನು ಓಡಿಸಿ ತೋರಿಸಿದರು. 1897ರಲ್ಲಿ ರುಡಾಲ್ಫ್ ಡೀಸೆಲ್‌ರ ಇಂಜಿನ್ನು ಯಶಸ್ವಿಯಾಯಿತು. ಮೊದಮೊದಲು ಗಾಳಿಯ ವಾಲ್ವನ್ನು ಪಿಸ್ಟನ್ನಿನ ಎಳೆತವೇ ತೆರೆಯುತ್ತಿತ್ತು. ವೇಗ ಹೆಚ್ಚಿದಂತೆ ಅದಕ್ಕೂ ಕ್ಯಾಮ್ ಬೇಕಾಯಿತು.

ನಮ್ಮ ಗಡಿಭಾಗಕ್ಕೆ ಇಂಜಿನ್ನು ಬಂದದ್ದು ಕಾರಿನಲ್ಲಿ ಎನ್ನುವುದಕ್ಕಿಂತ ನದಿಯ ದಂಡೆಗೆ ಎಂದರೆ ಸರಿ. ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ 1869ರಲ್ಲಿ ಹುಟ್ಟಿದ ಲಕ್ಷ್ಮಣರಾವ್ ಕಿರ್ಲೋಸ್ಕರರು ಬೆಳಗಾವಿಯಲ್ಲಿ ಸೈಕಲ್ ಅಂಗಡಿ ಇಟ್ಟು, ಮೇವು ಕತ್ತರಿಸುವ ಯಂತ್ರ, ಕಬ್ಬಿಣದ ನೇಗಿಲು ಮಾಡಿದವರು. ಊರಿನಲ್ಲಿ ಜಾಗ ಉಳಿಯದೆ, 1910ರಲ್ಲಿ ಔಂಧ್ ಸಂಸ್ಥಾನದ ಅರಸರು ಕೊಟ್ಟ ಬರಡು ನೆಲದಲ್ಲಿ ಕಿರ್ಲೋಸ್ಕರವಾಡಿ ಕಟ್ಟಿದರು. 1946ರಲ್ಲಿ ಪುಣೆಯಲ್ಲಿ ಕಿರ್ಲೋಸ್ಕರ್ ಆಯಿಲ್ ಇಂಜಿನ್ಸ್ ಆರಂಭವಾಯಿತು. ಕೊಲ್ಹಾಪುರದ ಶಿವಾಜಿ ಉದ್ಯಮನಗರದಲ್ಲಿ ಎರಕದ ಕುಲುಮೆಗಳೂ ಲೇಥುಗಳೂ ಹೆಚ್ಚಿದವು. ಕಾಗವಾಡದ ಉಗಾರದಲ್ಲಿ 1939ರಿಂದ ಸಕ್ಕರೆ ಕಾರ್ಖಾನೆ ಇತ್ತು. ಕಬ್ಬು ಬೆಳೆಯಬೇಕಾದರೆ ನೀರು ಬೇಕು. ಕೃಷ್ಣೆ, ದೂಧಗಂಗಾ, ವೇದಗಂಗಾ ಕೆಳಗೆ ಹರಿಯುತ್ತವೆ, ಹೊಲ ಮೇಲಿದೆ. ಎತ್ತು ಕಟ್ಟಿ ಚರ್ಮದ ಮೊಟದಲ್ಲಿ ನೀರೆಳೆಯುವ ಕಾಲ ಮುಗಿದು ದಂಡೆಯ ಮೇಲೆ ಡೀಸೆಲ್ ಇಂಜಿನ್ನಿನ ಸದ್ದು ಕೇಳತೊಡಗಿತು. ಅಲ್ ಜಝರಿಯ ಪುಸ್ತಕದ ಒಂದು ಇಡೀ ವಿಭಾಗ ನೀರೆತ್ತುವ ಯಂತ್ರಗಳದ್ದೇ ಎಂಬುದನ್ನು ಇಲ್ಲಿ ನೆನೆಯಬೇಕು. ಎದುರುಬದುರು ಎರಡು ಸಿಲಿಂಡರಿನ ಪಂಪನ್ನು ಅವರು 1206ರಲ್ಲೇ ಚಿತ್ರಿಸಿದ್ದರು.

ಇಂಥ ಇಂಜಿನ್ನಿನಲ್ಲಿ ಕ್ಯಾಮಿನ ಆಯ್ಕೆ ಸುಲಭ, ಏಕೆಂದರೆ ಅದಕ್ಕಿರುವುದು ಒಂದೇ ಕೆಲಸ, ಒಂದೇ ವೇಗ. ಹಳೆಯ ಲಿಸ್ಟರ್ ಮಾದರಿಯದು ನಿಮಿಷಕ್ಕೆ 650 ಸುತ್ತು. 5 ಅಶ್ವಶಕ್ತಿಯ ಕಿರ್ಲೋಸ್ಕರ್ ಏವಿ-1 ಮಾದರಿಯದು 1,500 ಸುತ್ತು. ಬೆಳಗಿನಿಂದ ಸಂಜೆಯವರೆಗೆ ಅದೇ ವೇಗ. ಕಾರ್ಖಾನೆಯ ಎಂಜಿನಿಯರು ಆ ವೇಗಕ್ಕೆ ತಕ್ಕಂತೆ ಉಬ್ಬನ್ನು ಕೆತ್ತಿದರೆ ಮುಗಿಯಿತು.

ಕಾರಿನ ಮಾತು ಬೇರೆ. ಅದು ಸಿಗ್ನಲ್ಲಿನಲ್ಲಿ ನಿಲ್ಲಬೇಕು, ಘಾಟಿ ಹತ್ತಬೇಕು, ಹೆದ್ದಾರಿಯಲ್ಲಿ ಓಡಬೇಕು. ಎಲ್ಲ ವೇಗಕ್ಕೂ ಒಂದೇ ಕ್ಯಾಮ್. ಇಲ್ಲಿಯೇ ಆಯ್ಕೆಯ ತೊಡಕು ಆರಂಭವಾಗುವುದು, ಮತ್ತು ಆ ತೊಡಕು ಅತಿ ಸ್ಪಷ್ಟವಾಗಿ ಕಾಣುವುದು 1960ರ ದಶಕದ ಅಮೆರಿಕದ ಮಸಲ್ ಕಾರುಗಳಲ್ಲಿ. ಮಧ್ಯಮ ಗಾತ್ರದ ಕಾರಿಗೆ ದೈತ್ಯ ವಿ-8 ಇಂಜಿನ್ನು ಕೂರಿಸಿದ ಕಾರುಗಳಿಗೆ ಆ ಹೆಸರು; 1964ರ ಪಾಂಟಿಯಾಕ್ ಜಿಟಿಓದಿಂದ ಆ ಗೀಳು ಹಬ್ಬಿತು. ಇಂದು ಅವನ್ನು ಬಿಚ್ಚಿ ಮರುಕಟ್ಟುವವರು ಜಗತ್ತಿನೆಲ್ಲೆಡೆ ಇದ್ದಾರೆ, ಅವರೆಲ್ಲ ಮೊದಲು ಎದುರಿಸುವ ಪ್ರಶ್ನೆ ಒಂದೇ: ಯಾವ ಕ್ಯಾಮ್ ಹಾಕುವುದು?

ಉತ್ತರಕ್ಕೆ ನಿಪ್ಪಾಣಿ ಬಸ್ ನಿಲ್ದಾಣದ ಒಂದು ದೃಶ್ಯ ಸಾಕು. ಜನ ನುಗ್ಗಿ ಬರುತ್ತಿದ್ದಾರೆ. ಬಸ್ಸು ಹೊರಡುವ ಹೊತ್ತಾದರೂ ಕಂಡಕ್ಟರ್ ಬಾಗಿಲನ್ನು ಇನ್ನೊಂದು ಕ್ಷಣ ತೆರೆದಿಟ್ಟರೆ ಆ ನೂಕಿಗೆ ಇನ್ನೂ ಹತ್ತು ಮಂದಿ ಒಳಗಾಗುತ್ತಾರೆ. ಅದೇ ನೂಕುನುಗ್ಗಲಿಲ್ಲದ ಮಧ್ಯಾಹ್ನದಲ್ಲಿ ಬಾಗಿಲು ತೆರೆದಿಟ್ಟು ನಿಂತರೆ ಕುಳಿತವರೂ ಚಹಾಕ್ಕೆಂದು ಇಳಿದುಹೋಗುತ್ತಾರೆ. ಇಂಜಿನ್ನಿನ ಗಾಳಿಯೂ ಹೀಗೆಯೇ. ವೇಗ ಹೆಚ್ಚಿದ್ದಾಗ ಒಳನುಗ್ಗುವ ಗಾಳಿಗೆ ಓಟದ ರಭಸ ಇರುತ್ತದೆ; ಪಿಸ್ಟನ್ ಕೆಳಗೆ ತಲುಪಿ ಮತ್ತೆ ಮೇಲೇರಲು ಆರಂಭಿಸಿದರೂ ಗಾಳಿ ತುಂಬುತ್ತಲೇ ಇರುತ್ತದೆ. ಆದ್ದರಿಂದ ವಾಲ್ವನ್ನು ತಡವಾಗಿ ಮುಚ್ಚುವ, ಅಂದರೆ ಹೆಚ್ಚು ಹೊತ್ತು ತೆರೆದಿಡುವ ಕ್ಯಾಮ್ ಆಗ ಲಾಭದಾಯಕ. ಅದೇ ಕ್ಯಾಮ್ ನಿಧಾನ ವೇಗದಲ್ಲಿ ಒಳಬಂದ ಗಾಳಿಯನ್ನು ಬಂದ ದಾರಿಯಲ್ಲೇ ಹೊರಗೆ ತಳ್ಳಿಸುತ್ತದೆ. ಮೇಲಿನ ವೇಗದಲ್ಲಿ ಗಳಿಸಿದ್ದನ್ನು ಕೆಳಗಿನ ವೇಗದಲ್ಲಿ ಕಳೆದುಕೊಳ್ಳಲೇಬೇಕು. ಎರಡನ್ನೂ ಕೊಡುವ ಕ್ಯಾಮನ್ನು ಯಾರೂ ಕೆತ್ತಲಾರರು.

ಇದಕ್ಕೆ ಒಳ್ಳೆಯ ನಿದರ್ಶನ ಶೆವ್ರೊಲೆ ಕಂಪನಿಯ ಎಂಜಿನಿಯರ್ ಝೋರಾ ಆರ್ಕಸ್ ಡಂಟೋವ್ ಹೆಸರಿನ 30-30 ಕ್ಯಾಮ್. ಎರಡೂ ವಾಲ್ವುಗಳ ಟ್ಯಾಪೆಟ್ ಸಂದು ಇಂಚಿನ ಸಾವಿರದಲ್ಲಿ 30 ಭಾಗ, ಸುಮಾರು 0.76 ಮಿ.ಮೀ. ಇಡಬೇಕಾದ್ದರಿಂದ ಆ ಹೆಸರು. 1967ರಿಂದ 1969ರವರೆಗಿನ ಕಮಾರೋ ಝಡ್-28 ಕಾರಿನ 302 ಘನ ಇಂಚಿನ ಇಂಜಿನ್ನಿಗೆ ಇದನ್ನು ಹಾಕಿದ್ದರು. ಟ್ಯಾಪೆಟ್ 1.27 ಮಿ.ಮೀ. ಎದ್ದಲ್ಲಿಂದ ಮತ್ತೆ ಅಲ್ಲಿಗೇ ಇಳಿಯುವವರೆಗೆ ಕ್ರ್ಯಾಂಕ್ ಎಷ್ಟು ಡಿಗ್ರಿ ತಿರುಗಿತು ಎಂಬುದು ಕ್ಯಾಮ್ ಅಳೆಯುವ ಒಂದು ರೂಢಿಯ ಲೆಕ್ಕ. ಮನೆಬಳಕೆಯ ಶೆವ್ರೊಲೆಯಲ್ಲಿ ಗಾಳಿಯ ವಾಲ್ವಿಗೆ ಇದು ಸುಮಾರು 195. 30-30ರಲ್ಲಿ ಸುಮಾರು 254. ನಿಮಿಷಕ್ಕೆ 7,000 ಸುತ್ತಿನ ಹತ್ತಿರ ಅದು ಸಿಂಹ, ನಿಧಾನ ವೇಗದಲ್ಲಿ ಮಂಕು. ಆ ವೇಗದಲ್ಲಿ ಒಂದೊಂದು ವಾಲ್ವ್ ಸೆಕೆಂಡಿಗೆ 58 ಸಲ ತೆರೆದು ಮುಚ್ಚುತ್ತದೆ. ಕಿರ್ಲೋಸ್ಕರ್ ಏವಿ-1ರಲ್ಲಿ ಸೆಕೆಂಡಿಗೆ 12ಕ್ಕೆ ತುಸು ಹೆಚ್ಚು.

ಆದರೆ ಶೆವ್ರೊಲೆಯವರು ಆ ಕ್ಯಾಮನ್ನು ಒಂಟಿಯಾಗಿ ಹಾಕಲಿಲ್ಲ. ಕಂಪ್ರೆಶನ್ನನ್ನು 11ಕ್ಕೆ ಏರಿಸಿದರು, ಕೆಳ ವೇಗದಲ್ಲಿ ಸೋರಿಹೋಗುವುದನ್ನು ಒಂದಿಷ್ಟು ತುಂಬಿಕೊಳ್ಳಲು. ಗೇರ್ ಬಾಕ್ಸ್ ನಾಲ್ಕು ಗೇರಿನ ಕೈಗೇರು ಮಾತ್ರ, ಆಟೊಮ್ಯಾಟಿಕ್ ಕೊಡಲಿಲ್ಲ. ಹಿಂದಿನ ಅಚ್ಚಿನ ಅನುಪಾತ 3.73, ಇಂಜಿನ್ನು ಸದಾ ಮೇಲಿನ ವೇಗದಲ್ಲೇ ಇರಲೆಂದು. ಏರ್ ಕಂಡಿಶನರ್ ಇಲ್ಲ. ಟ್ರಾನ್ಸ್-ಆಮ್ ರೇಸಿನ 305 ಘನ ಇಂಚಿನ ಮಿತಿಯೊಳಗೆ ಗೆಲ್ಲುವುದೊಂದೇ ಗುರಿ. ಆದ್ದರಿಂದ ಇಂದು ಹಳೆಯ ಕಾರಿನ ಇಂಜಿನ್ನು ಕಟ್ಟುವವರು ಕ್ಯಾಮಿನ ಪಟ್ಟಿ ನೋಡುವ ಮೊದಲು ಕಾರಿನ ತೂಕ, ಅಚ್ಚಿನ ಅನುಪಾತ, ಗೇರ್ ಬಾಕ್ಸ್, ಕಂಪ್ರೆಶನ್, ಕಾರ್ಬ್ಯುರೇಟರ್, ಹೆಡ್ಡಿನ ಗಾಳಿದಾರಿ ಇವನ್ನೆಲ್ಲ ಬರೆದಿಟ್ಟುಕೊಳ್ಳಬೇಕು. ಬ್ರೇಕು ವ್ಯಾಕ್ಯೂಮಿನಿಂದ ನಡೆಯುವಂಥದ್ದಾದರೆ ಇನ್ನೂ ಎಚ್ಚರ ಬೇಕು, ಏಕೆಂದರೆ ಉದ್ದ ಅವಧಿಯ ಕ್ಯಾಮ್ ಐಡಲಿನಲ್ಲಿ ವ್ಯಾಕ್ಯೂಮನ್ನು ತಗ್ಗಿಸುತ್ತದೆ, ಬ್ರೇಕಿನ ಪೆಡಲು ಗಟ್ಟಿಯಾಗುತ್ತದೆ. ಗಾಳಿಯ ಉಬ್ಬಿನ ತುದಿಗೂ ಹೊಗೆಯ ಉಬ್ಬಿನ ತುದಿಗೂ ನಡುವಿನ ಕೋನವೂ ಮುಖ್ಯ. 106 ಡಿಗ್ರಿಯಷ್ಟು ಕಿರಿದಾದರೆ ಎರಡೂ ವಾಲ್ವುಗಳು ಒಟ್ಟಿಗೆ ತೆರೆದಿರುವ ಹೊತ್ತು ಹೆಚ್ಚಿ, ನಿಂತಾಗ ಇಂಜಿನ್ನು ಕುಂಟುತ್ತ ಗುಡುಗುತ್ತದೆ; 114ರ ಸುಮಾರಿಗೆ ಅಗಲಿಸಿದರೆ ಸದ್ದು ಸಮವಾಗುತ್ತದೆ. ಆ ಕುಂಟು ಗುಡುಗಿನ ಮೋಹಕ್ಕೇ ಕ್ಯಾಮ್ ಕೊಳ್ಳುವವರು ಅಮೆರಿಕದಲ್ಲಿ ಬೇಕಾದಷ್ಟಿದ್ದಾರೆ. ಸೈಲೆನ್ಸರ್ ಕಿತ್ತು ಊರು ನಡುಗಿಸುವ ನಮ್ಮ ಬುಲೆಟ್ ಸವಾರರನ್ನು ಕಂಡವರಿಗೆ ಇದು ಆಶ್ಚರ್ಯವೆನಿಸದು. ಅಂದಹಾಗೆ ಹಳೆಯ ಬುಲೆಟ್ಟಿನ ನಿಧಾನ ಡುಗುಡುಗು ಸಾಧ್ಯವಾದದ್ದು ಭಾರದ ಫ್ಲೈವೀಲ್ ಮತ್ತು ಸೌಮ್ಯ ಕ್ಯಾಮಿನಿಂದ.

ದೊಡ್ಡ ಕ್ಯಾಮ್ ಎಂದರೆ ದೊಡ್ಡ ಶಕ್ತಿ ಎಂಬ ನಂಬಿಕೆ ಗಡಿ ದಾಟಿ ಇಲ್ಲಿಗೂ ಬಂದಿದೆ. ಎರಡು ಟ್ರ್ಯಾಕ್ಟರುಗಳನ್ನು ಬೆನ್ನಿಗೆ ಬೆನ್ನು ಕಟ್ಟಿ ಜಗ್ಗಿಸುವ ಸ್ಪರ್ಧೆಗಳು ಉತ್ತರ ಕರ್ನಾಟಕದಲ್ಲಿ ಈಚೆಗೆ ಜನಪ್ರಿಯವಾಗಿವೆ. ಜಗ್ಗಲು ಬೇಕಾದದ್ದು ಕೆಳಗಿನ ವೇಗದ ಎಳೆತ. ಉದ್ದ ಅವಧಿಯ ಕ್ಯಾಮ್ ಕಸಿದುಕೊಳ್ಳುವುದು ಅದನ್ನೇ. ಮೇಲಾಗಿ ಡೀಸೆಲ್ ಇಂಜಿನ್ನಿನಲ್ಲಿ ಪಿಸ್ಟನ್ ಹೆಡ್ಡಿಗೆ ತೀರ ಹತ್ತಿರ ಬರುತ್ತದೆ, ವಾಲ್ವ್ ತೆರೆದು ನಿಲ್ಲಲು ಜಾಗವೇ ಇರುವುದಿಲ್ಲ. ಲೆಕ್ಕ ಹಾಕದೆ ಎತ್ತರದ ಕ್ಯಾಮ್ ಹಾಕಿದರೆ ಪಿಸ್ಟನ್ ವಾಲ್ವಿಗೆ ಬಡಿದು, ವಾಲ್ವ್ ಬಾಗಿ, ಇಂಜಿನ್ನೇ ಹಾಳಾಗುತ್ತದೆ.

ಅಮೆರಿಕದ ಇಂಜಿನ್ನುಗಳು ಗಡಿಭಾಗಕ್ಕೆ ಅಪರಿಚಿತವೇನಲ್ಲ. ಜನರಲ್ ಮೋಟಾರ್ಸ್ 1928ರಿಂದ 1954ರವರೆಗೆ ಮುಂಬಯಿಯಲ್ಲಿ ವಾಹನ ಜೋಡಿಸುತ್ತಿತ್ತು. ಸರ್ ಎಂ. ವಿಶ್ವೇಶ್ವರಯ್ಯನವರು 1930ರ ದಶಕದಲ್ಲಿ ದೇಶೀ ಕಾರು ಕಾರ್ಖಾನೆಗಾಗಿ ಹೆಣಗಿದಾಗ ಜೊತೆ ನೀಡಿದ್ದು ಸೊಲ್ಲಾಪುರದಲ್ಲಿ ಹುಟ್ಟಿದ ವಾಲ್‌ಚಂದ್ ಹೀರಾಚಂದ್. ವಾಲ್‌ಚಂದ್‌ರ ಪ್ರೀಮಿಯರ್ ಆಟೊಮೊಬೈಲ್ಸ್ ಸ್ವಾತಂತ್ರ್ಯದ ಹೊತ್ತಿಗೆ ಕ್ರೈಸ್ಲರ್ ಕಂಪನಿಯ ಡಾಡ್ಜ್, ಫಾರ್ಗೊಗಳನ್ನು ಜೋಡಿಸತೊಡಗಿತು. ಪುಣೆ-ಬೆಂಗಳೂರು ರಸ್ತೆಯ ಲಾರಿಗಳಿಂದಾಗಿ ನಿಪ್ಪಾಣಿಯಂಥ ಊರುಗಳಲ್ಲಿ ಗ್ಯಾರೇಜುಗಳು ಹುಟ್ಟಿದವು. ಕೈಯಲ್ಲಿ ಕೈಪಿಡಿ ಇಲ್ಲದೆ, ಭಾಷೆ ತಿಳಿಯದೆ, ಬಿಚ್ಚಿ ನೋಡಿಯೇ ಕಲಿತವರು ಆ ಮಿಸ್ತ್ರಿಗಳು. ಮರಾಠಿ, ಕನ್ನಡ, ದಖ್ನಿ ಮೂರೂ ಕಲೆತ ಮಾತಿನಲ್ಲಿ ಶಿಷ್ಯರಿಗೆ ಕಲಿಸಿದರು.

2006ರ ಸಾಚಾರ್ ಸಮಿತಿಯ ವರದಿ ಮುಸ್ಲಿಮ್ ದುಡಿಮೆಗಾರರ ಪಾಲು ಹೆಚ್ಚಿರುವ ಕಸುಬುಗಳಲ್ಲಿ ತಂಬಾಕು, ಬಟ್ಟೆ, ವಾಹನಗಳ ಮಾರಾಟ ಮತ್ತು ದುರಸ್ತಿಯನ್ನು ಗುರುತಿಸಿತು. ತಂಬಾಕಿನ ಊರೂ ಹೆದ್ದಾರಿಯ ಊರೂ ಆದ ನಿಪ್ಪಾಣಿಯವರಿಗೆ ಈ ಸಾಲು ಕನ್ನಡಿಯಂತೆ. ಅದೇ ವರದಿ, 20 ವರ್ಷ ಮೀರಿದ ಮುಸ್ಲಿಮರಲ್ಲಿ ಪದವಿ ಅಥವಾ ಡಿಪ್ಲೊಮಾ ಪಡೆದವರು ಶೇಕಡಾ 4ಕ್ಕಿಂತ ಕಡಿಮೆ, ಒಟ್ಟು ಜನಸಂಖ್ಯೆಯಲ್ಲಿ ಸುಮಾರು ಶೇಕಡಾ 7 ಎಂದೂ ಹೇಳಿತು. ನಮ್ಮ ಸಮಾಜ ಈ ಎರಡು ಮಾಹಿತಿಗಳನ್ನು ಒಂದರ ಪಕ್ಕ ಒಂದಿಟ್ಟು ಓದಿದ್ದು ಕಡಿಮೆ. ಗ್ಯಾರೇಜಿಗೆ ಹೋಗುವ ಹುಡುಗ ಓದಿನಲ್ಲಿ ಸೋತವನು ಎಂದು ಹೆತ್ತವರೇ ತೀರ್ಮಾನಿಸಿಬಿಡುತ್ತಾರೆ. ಅವನು ಕಲಿಯುವುದು ರೇಖಾಗಣಿತ, ಲೋಹಶಾಸ್ತ್ರ, ಗಾಳಿಯ ಚಲನೆ ಎಂದು ಯಾರೂ ಅವನಿಗೆ ಹೇಳುವುದಿಲ್ಲ. ಉಸ್ತಾದರು ತೀರಿಕೊಂಡರೆ ಅವರ 40 ವರ್ಷಗಳ ಅನುಭವ ಅವರೊಂದಿಗೇ ಮಣ್ಣಾಗುತ್ತದೆ. ಅಲ್ ಜಝರಿಗೆ ಸುಲ್ತಾನ ಹೇಳಿದ್ದ ಮಾತು ಇವರಿಗೆ ಹೇಳುವವರಿಲ್ಲ.

ಅಮೆರಿಕದ ಕ್ಯಾಮ್ ಕಸುಬನ್ನು ದೊಡ್ಡದು ಮಾಡಿದವರೂ ವಿಶ್ವವಿದ್ಯಾಲಯದಿಂದ ಬಂದವರೇ ಆಗಿರಲಿಲ್ಲ. ಆರ್ಮೇನಿಯನ್ ಮನೆತನದ ಎಡ್ ಇಸ್ಕೆಂಡೇರಿಯನ್ ಎರಡನೆಯ ಮಹಾಯುದ್ಧ ಮುಗಿದು ಬಂದು, ಹಳೆಯ ಗ್ರೈಂಡಿಂಗ್ ಯಂತ್ರವೊಂದನ್ನು ತಾನೇ ಮಾರ್ಪಡಿಸಿ, ಕ್ಯಾಲಿಫೋರ್ನಿಯದ ಹುಡುಗರ ರೇಸಿನ ಕಾರುಗಳಿಗೆ ಕ್ಯಾಮ್ ಕೆತ್ತಲು ಕುಳಿತವರು. ಆ ಕಸುಬಿನಲ್ಲಿ ಒಂದು ಒಳ್ಳೆಯ ಪದ್ಧತಿ ನೆಲೆಯೂರಿತು: ಪ್ರತಿ ಕ್ಯಾಮಿನ ಜೊತೆ ಒಂದು ಕಾರ್ಡು. ವಾಲ್ವ್ ಎಷ್ಟು ಡಿಗ್ರಿಗೆ ತೆರೆಯುತ್ತದೆ, ಎಷ್ಟಕ್ಕೆ ಮುಚ್ಚುತ್ತದೆ, ಎಷ್ಟು ಎತ್ತುತ್ತದೆ, ಸ್ಪ್ರಿಂಗ್ ಎಷ್ಟು ಗಡುಸಿರಬೇಕು, ಎಲ್ಲ ಅದರಲ್ಲಿರುತ್ತದೆ. ಹೊಸ ಕ್ಯಾಮ್ ಹಾಕಿ ಇಂಜಿನ್ನು ಚಾಲೂ ಮಾಡಿದ ಮೇಲೆ ಏನು ಮಾಡಬೇಕೆಂಬ ಸೂಚನೆಯೂ ಜೊತೆಗಿರುತ್ತದೆ. ಚಪ್ಪಟೆ ತಳದ ಟ್ಯಾಪೆಟ್ಟಿನ ಹಳೆಯ ಇಂಜಿನ್ನನ್ನು ಮೊದಲ 20 ನಿಮಿಷ ಐಡಲಿಗೆ ಬಿಡದೆ ಸುಮಾರು 2,000 ಸುತ್ತಿನಲ್ಲಿ ಓಡಿಸಬೇಕು, ಇಲ್ಲವಾದರೆ ಸಾಕಷ್ಟು ಎಣ್ಣೆ ಸಿಡಿಯದೆ ಹೊಸ ಉಬ್ಬು ಸವೆದುಹೋಗುತ್ತದೆ. ಇಂದಿನ ಕಾರುಗಳ ಆಯಿಲಿನಲ್ಲಿ ಹೊಗೆ ಶುದ್ಧೀಕರಿಸುವ ಸಾಧನ ಕೆಡದಿರಲೆಂದು ಸತು-ರಂಜಕದ ಅಂಶವನ್ನು ಇಳಿಸಿದ್ದಾರೆ. ಹಳೆಯ ಕ್ಯಾಮಿಗೆ ಆ ಅಂಶ ಹೆಚ್ಚಿರುವ ಆಯಿಲೇ ಬೇಕು. ನಮ್ಮ ಅಂಗಡಿಗಳಲ್ಲಿ ಕ್ಯಾಮಿನ ಬಗ್ಗೆ ಗಿರಾಕಿ ಕೇಳುವುದು ಎರಡೇ ಪ್ರಶ್ನೆ: ಒರಿಜಿನಲ್ಲೋ ಲೋಕಲ್ಲೋ, ಎಷ್ಟು ರೊಕ್ಕ?

ಹಾಗೆಂದು ಈ ವಿದ್ಯೆ ನಮ್ಮಿಂದ ದೂರದಲ್ಲಿದೆ ಎಂದು ತಿಳಿಯಬೇಕಾಗಿಲ್ಲ. ಕನ್ನಡ ಮಾತು ಇಂದಿಗೂ ಬಾಳುತ್ತಿರುವ ಸೊಲ್ಲಾಪುರದಲ್ಲಿ 1992ರಲ್ಲಿ ಸ್ಥಾಪನೆಯಾದ ಪ್ರಿಸಿಶನ್ ಕ್ಯಾಮ್‌ಶಾಫ್ಟ್ಸ್ ಎಂಬ ಕಾರ್ಖಾನೆ ಜನರಲ್ ಮೋಟಾರ್ಸ್, ಫೋರ್ಡ್, ಹ್ಯುಂಡೈಗಳಂಥ ಕಂಪನಿಗಳಿಗೆ ಕ್ಯಾಮ್‌ಶಾಫ್ಟ್ ಎರಕ ಹೊಯ್ದು, ಕೆತ್ತಿ ಕಳಿಸಿದೆ. ಡಂಟೋವ್ ದುಡಿದ ಕಂಪನಿಗೇ ಬಿಜಾಪುರದ ನೆರೆಯೂರಿನಿಂದ ಕ್ಯಾಮ್ ಹೋಯಿತು. ಅಲ್ಲಿ ಉಬ್ಬಿನ ಒಂದೊಂದು ಡಿಗ್ರಿಯ ಅಳತೆಯೂ ದಾಖಲಾಗುತ್ತದೆ.

ಗ್ಯಾರೇಜಿನಲ್ಲಿ ಇದನ್ನು ಮಾಡಲು ದೊಡ್ಡ ಯಂತ್ರ ಬೇಡ. ದಂಡೆಯ ಇಂಜಿನ್ನಿಗೆ ಎಳೆತ ಕಡಿಮೆಯಾಗಿ ಹೊಗೆ ಹೆಚ್ಚಿದಾಗ ನಾಝಲ್ ಬದಲಿಸಿ, ಪಂಪು ಬಿಚ್ಚಿ, ಕೊನೆಗೆ ಬೋರಿಂಗಿಗೆ ಕಳಿಸುವುದು ರೂಢಿ. ಕ್ಯಾಮಿನ ಉಬ್ಬು ಸವೆದು ವಾಲ್ವ್ ಅರ್ಧವೇ ತೆರೆಯುತ್ತಿರುವುದು ಕಣ್ಣಿಗೆ ಬೀಳುವುದಿಲ್ಲ. ಸವೆದ ಉಬ್ಬನ್ನು ಅಳೆಯದೆ ಮರುಕೆತ್ತನೆಗೆ ಕೊಟ್ಟರೆ ಹಳೆಯ ರೂಪ ಏನಿತ್ತೆಂದು ಕೆತ್ತುವವನಿಗೂ ತಿಳಿಯದು. ಒಂದು ದಪ್ಪ ರಟ್ಟಿನ ದುಂಡು ಬಿಲ್ಲೆಗೆ 360 ಗೆರೆ ಎಳೆದು ಕ್ರ್ಯಾಂಕಿನ ತುದಿಗೆ ಬಿಗಿಯಬೇಕು. ತಂತಿಯೊಂದನ್ನು ಮುಳ್ಳಿನಂತೆ ಬಾಗಿಸಿ ಪಿಸ್ಟನ್ ಮೇಲ್ತುದಿಗೆ ಬಂದ ಜಾಗಕ್ಕೆ ಸೊನ್ನೆ ಹೊಂದಿಸಬೇಕು. ಡಯಲ್ ಗೇಜನ್ನು ಟ್ಯಾಪೆಟ್ಟಿನ ನೆತ್ತಿಗೆ ಊರಿ, ಇಂಜಿನ್ನನ್ನು ಅದು ತಿರುಗುವ ದಿಕ್ಕಿನಲ್ಲೇ ಕೈಯಿಂದ ತಿರುಗಿಸುತ್ತ, ಪ್ರತಿ 10 ಡಿಗ್ರಿಗೆ ಮುಳ್ಳು ತೋರಿದ್ದನ್ನು ಬರೆದುಕೊಳ್ಳಬೇಕು. ಗಾಳಿಯ ವಾಲ್ವಿಗೆ ಒಂದು ಸಾಲು, ಹೊಗೆಯ ವಾಲ್ವಿಗೆ ಒಂದು ಸಾಲು. ಕ್ರ್ಯಾಂಕಿನ ಎರಡು ಸುತ್ತಿಗೆ ಒಂದೊಂದರಲ್ಲೂ 72 ಅಂಕಿಗಳಾಗುತ್ತವೆ. ಶಾಲೆಯ ನೋಟ್‌ಬುಕ್ಕಿನ ಮೂರು ಪುಟ ಸಾಕು, ಮೇಲೆ ಇಂಜಿನ್ನಿನ ಹೆಸರು, ನಂಬರು ಮತ್ತು ತಾರೀಖು ಹಾಕಿದರಾಯಿತು.